ಹನ್ನೊಂದು ಕಿಲೋಮೀಟರು

ಟ್ಯಾಮ್ಸಿನ್ ತನ್ನ ಆರು ವರ್ಷದ ಮಗಳು ಈಡಿಯ ಕೈ ಹಿಡಿದುಕೊಂಡು ಅತ್ತೆಯ ಮನೆಗೆ ಬಂದದ್ದು ಮೇ ತಿಂಗಳ ಒಂದು ಬುಧವಾರ. ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್ ಹಾಕಿದ್ದರು. ಆ ಕೈ ಮೇಲೆ ಕಾರಿನ ಬಾಗಿಲು ಹಾಕಿದವನು ಅವಳ ಗಂಡ ಬ್ರೋಡಿ, ಅಂದರೆ ಇದೇ ಮನೆಯ ಮಗ. ಹೊಡೆದವನ ತಾಯಿಯ ಮನೆಗೇ ಹೊಡೆಸಿಕೊಂಡವಳು ಬಂದು ಸೇರಿದ್ದು ನಮ್ಮ ಬೀದಿಯಲ್ಲಿ ಕೆಲವರಿಗೆ ವಿಚಿತ್ರವಾಗಿ ಕಂಡಿತು. ಮಾತಾಡುವವರಿಗೇನು? ಅವಳಿಗೆ ತಂದೆತಾಯಿ ಇರಲಿಲ್ಲ, ಇದ್ದೊಬ್ಬ ಅಣ್ಣ ದೇಶದ ಇನ್ನೊಂದು ತುದಿಯಲ್ಲಿದ್ದ. ಅತ್ತೆ ಗ್ಲೆನಿಸ್ ತಾನೇ ಆಸ್ಪತ್ರೆಗೆ ಹೋಗಿ, "ಏಳು, ಮನೆಗೆ ಹೋಗೋಣ" ಎಂದು ಕರೆತಂದಿದ್ದಳು.

ಮನೆಯಲ್ಲಿ ಗ್ಲೆನಿಸ್‌ಳ ತಾಯಿ ಬೆರಿಲ್ ಇದ್ದಳು. ವಯಸ್ಸು ಎಂಬತ್ತನಾಲ್ಕು. ಎಲ್ಲರೂ ಅವಳನ್ನು ನ್ಯಾನ್ ಎಂದೇ ಕರೆಯುತ್ತಿದ್ದರು. ಕಾಲು ಹಿಡಿದಿತ್ತೇ ಹೊರತು ನಾಲಿಗೆಗೆ ಏನೂ ಆಗಿರಲಿಲ್ಲ. ಅಂದು ಟ್ಯಾಮ್ಸಿನ್ ಎಡಗೈಯಲ್ಲಿ ಮಾಂಸದ ತುಂಡನ್ನು ಫೋರ್ಕಿನಿಂದ ಅಟ್ಟಾಡಿಸುತ್ತಿದ್ದುದನ್ನು ನೋಡುತ್ತ ಕುಳಿತಿದ್ದ ನ್ಯಾನ್ ಕೊನೆಗೆ ಬಾಯಿಬಿಟ್ಟಳು.

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಎರಡು ದಿನ ಬಿಟ್ಟು ಅವನೇ ಬಂದು ಕರ್ಕೊಂಡು ಹೋಗ್ತಾನೆ ಬಿಡು."

"ಅಮ್ಮ, ಅವನು ಬಂದ್ರೆ ಪೊಲೀಸರು ಹಿಡೀತಾರೆ. ಕೋರ್ಟಲ್ಲಿ ಆರ್ಡರ್ ಆಗಿದೆ" ಎಂದಳು ಗ್ಲೆನಿಸ್, ಸೊಸೆಯ ತಟ್ಟೆ ಎಳೆದುಕೊಂಡು ಮಾಂಸ ಕತ್ತರಿಸುತ್ತ.

"ನಿಮ್ಮಪ್ಪ ತಟ್ಟೆ ಎಸೀತಿದ್ರು. ನಾನು ಕೋರ್ಟಿಗೆ ಹೋದ್ನಾ? ಪ್ಲಾಸ್ಟಿಕ್ ತಟ್ಟೆ ತಂದೆ. ಸಂಸಾರ ಅಂದ್ರೆ ಅದು."

ಈಡಿ ನಕ್ಕುಬಿಟ್ಟಳು. ದೊಡ್ಡವರು ಯಾರೂ ನಗಲಿಲ್ಲ.

ಕೋರ್ಟಿನ ಆಜ್ಞೆ ಇದ್ದದ್ದು ಹೀಗೆ: ಬ್ರೋಡಿ ಹೆಂಡತಿ ಮಗಳಿರುವ ಜಾಗದ ಇನ್ನೂರು ಮೀಟರ್ ಒಳಗೆ ಬರಕೂಡದು, ಅವರಿಗೆ ಫೋನ್ ಮಾಡಕೂಡದು, ಬೇರೆಯವರ ಮೂಲಕ ಅವರ ಸುದ್ದಿ ತೆಗೆಯಲೂ ಕೂಡದು. ತಾಯಿಯ ಜೊತೆ ಮಾತಾಡಬಹುದು. ಅವನು ಊರಾಚೆ ಗೆಳೆಯನ ದ್ರಾಕ್ಷಿತೋಟದ ಹಿಂದೆ ನಿಲ್ಲಿಸಿದ್ದ ಕ್ಯಾರವಾನ್ ಎಂಬ ಗಾಲಿಮನೆಯಲ್ಲಿ ಇರುತ್ತಿದ್ದ. ಭಾನುವಾರ ಒಂದು ಗಂಟೆಗೆ, ನಮ್ಮ ಮಿಲ್ಡೂರ ಊರಿನಲ್ಲಿ ಮನೆಮನೆಯಲ್ಲೂ ಹುರಿದ ಮಾಂಸ ಮೇಜಿಗೆ ಬರುವ ಹೊತ್ತಿಗೆ, ಸರಿಯಾಗಿ ಫೋನ್ ಮಾಡುತ್ತಿದ್ದ.

ಆ ಶುಕ್ರವಾರವೇ ಗ್ಲೆನಿಸ್‌ಳ ತರಬೇತಿಯೂ ಶುರುವಾಯಿತು. ಅವಳು ಇಪ್ಪತ್ತು ವರ್ಷ ಆರೋಗ್ಯ ಕೇಂದ್ರದ ಮುಂದಿನ ಮೇಜಿನಲ್ಲಿ ಕೂತು, ಬಂದವರ ಹೆಸರು ಬರೆದುಕೊಂಡು, ಅಳುವವರಿಗೆ ನೀರು ಕೊಟ್ಟವಳು. ಹೆಂಡತಿ ಮಕ್ಕಳನ್ನು ಹೊಡೆಯುವ ಗಂಡಸರಿಗಾಗಿ ಕೇಂದ್ರದವರು ವಾರಕ್ಕೊಂದು ಗುಂಪು ನಡೆಸುತ್ತಿದ್ದರು. ಅದನ್ನು ಒಬ್ಬ ಗಂಡಸು, ಒಬ್ಬ ಹೆಂಗಸು ಸೇರಿಯೇ ನಡೆಸಬೇಕೆಂಬುದು ನಿಯಮ. ಇದ್ದ ಹೆಂಗಸು ಕೆಲಸ ಬಿಟ್ಟು ಹೋದ ಮೇಲೆ ಗುಂಪು ನಿಂತಿತ್ತು. ಇಪ್ಪತ್ತಮೂರು ಗಂಡಸರ ಹೆಸರು ಕಾಯುವವರ ಪಟ್ಟಿಯಲ್ಲಿತ್ತು. ಅದರಲ್ಲಿ ಒಂದು ಬ್ರೋಡಿಯದು. ಗ್ಲೆನಿಸ್ ಎಂಟು ಶುಕ್ರವಾರ ಕಲಿತು ಆ ಜಾಗಕ್ಕೆ ಕೂರಬೇಕೆಂದು ಮಾರ್ಚಿನಲ್ಲೇ ಮಾತಾಗಿತ್ತು.

ಕಲಿಸುವವಳ ಹೆಸರು ಇಮೆಲ್ಡಾ. ಗ್ಲೆನಿಸ್ ಮೊದಲ ದಿನವೇ ಅವಳ ಹತ್ತಿರ ಹೋಗಿ ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದಳು.

"ನಿಮ್ಮ ಮಗ ಬರೋ ಗುಂಪಲ್ಲಿ ನೀವು ಕೂರೋ ಹಾಗಿಲ್ಲ. ಅವನನ್ನ ಬೇರೆ ಊರಿಗೆ ಕಳಿಸ್ತೀವಿ. ಕಲೀರಿ, ಬೇಡ ಅನ್ನಲ್ಲ. ಆದ್ರೆ ಒಂದು ಮಾತು. ಇಲ್ಲಿ ಕಲಿತದ್ದನ್ನ ಅವನ ಮೇಲೆ ಪ್ರಯೋಗ ಮಾಡ್ಬೇಡಿ."

"ಛೇ, ಇಲ್ಲ" ಎಂದಳು ಗ್ಲೆನಿಸ್.

ಹದಿನಾಲ್ಕು ಜನ ಕಲಿಯುವವರಿದ್ದರು. ಒಬ್ಬರು ಕುರ್ಚಿಯಲ್ಲಿ ಹೊಡೆದ ಗಂಡಸಿನಂತೆ ಕೂರಬೇಕು, ಇನ್ನೊಬ್ಬರು ಅವನನ್ನು ಮಾತಾಡಿಸಬೇಕು. ಜೈಲಿನಲ್ಲಿ ಕಾವಲು ಕೆಲಸ ಮಾಡಿದ ಡೆಸ್ಮಂಡ್ ಎಂಬ ಎಮ್ಮೆಯಂಥ ಮನುಷ್ಯ ಎರಡೇ ನಿಮಿಷದಲ್ಲಿ ಬೆವರಿಬಿಟ್ಟ. ಕುರ್ಚಿಯಲ್ಲಿ ಕೂತವನು ಹೇಳುವುದಕ್ಕೆಲ್ಲ ತಲೆಯಾಡಿಸಬಾರದು. ತಲೆಯಾಡಿಸಿದರೆ ಅವನ ಕಡೆ ಸೇರಿದ ಹಾಗೆ. ಬೈಯಲೂಬಾರದು, ಬೈದರೆ ಎದ್ದು ಹೋಗುತ್ತಾನೆ, ಆ ಸಿಟ್ಟು ತೀರುವುದು ಮನೆಯಲ್ಲಿ. ಮಾಡಿದ್ದನ್ನು ಅವನ ಬಾಯಿಂದಲೇ ಬರಿಸಬೇಕು.

ಗ್ಲೆನಿಸ್ ಶುಕ್ರವಾರ ಮನೆಗೆ ಬಂದು, ಕುಂಬಳಕಾಯಿ ಸೂಪಿಗೆ ಸೌಟು ತಿರುಗಿಸುತ್ತ ಇದನ್ನೆಲ್ಲ ಹೇಳುವಳು. ನ್ಯಾನ್‌ಗೆ ಅದೊಂದು ತಮಾಷೆ.

"ಮನೆಗೆ ಮಾರಿ, ಪರರಿಗೆ ಉಪಕಾರಿ! ಊರವರ ಮಕ್ಕಳನ್ನ ರಿಪೇರಿ ಮಾಡೋಕೆ ಹೋಗಿದಾಳೆ. ನಿನ್ನ ಮಗ ಅಲ್ಲಿ ತಗಡಿನ ಡಬ್ಬಿಲಿ ಒಬ್ನೇ ಉಣ್ತಿದಾನೆ."

"ಉಣ್ಲಿ ಬಿಡಮ್ಮ."

"ಹೆತ್ತ ಕರುಳು ಹೀಗನ್ನುತ್ತಾ?"

"ನ್ಯಾನ್, ಕೈ ಮುರಿದಿದ್ದು ನನ್ನದು" ಎಂದಳು ಟ್ಯಾಮ್ಸಿನ್, ಬ್ರೆಡ್ಡಿಗೆ ಬೆಣ್ಣೆ ಬಳಿಯುವ ಚಾಕು ಕೆಳಗಿಟ್ಟು.

"ನೋಡ್ತಾನೇ ಇದೀನಲ್ಲ ತಾಯಿ. ಇವತ್ತಿಗೆ ಮೂರು ವಾರ ಆಯ್ತು, ಒಂದು ಪಾತ್ರೇನೂ ತೊಳೆದಿಲ್ಲ."

ನಾಲ್ಕನೆಯ ಶುಕ್ರವಾರದ ಪಾಠ ಬೇರೆ ಬಗೆಯದು. ಗುಂಪಿಗೆ ಬರುವ ಗಂಡಸರ ಹೆಂಡತಿಯರಿಗೆ ಫೋನ್ ಮಾಡಿ ಮಾತಾಡಲೆಂದೇ ಒಬ್ಬಳು ಇರುತ್ತಾಳೆ. ಅವನು ಈ ವಾರ ಹೇಗಿದ್ದ, ಏನು ಮಾಡಿದ ಎಂದು ವಿಚಾರಿಸುತ್ತಾಳೆ. ಗುಂಪು ನಡೆಸುವವರಿಗೂ ಅದು ತಿಳಿಯುತ್ತದೆ. ಆದರೆ ಹೆಂಡತಿ ಹೇಳಿದ ಒಂದು ಅಕ್ಷರವೂ ಗಂಡನ ಕಿವಿಗೆ ಬೀಳಬಾರದು. ಅವನು ಕಣ್ಣೆದುರೇ ಸುಳ್ಳು ಹೇಳುತ್ತಿದ್ದರೂ, ಸುಳ್ಳೆಂದು ಗೊತ್ತಿದ್ದರೂ, ಮುಖದಲ್ಲಿ ತೋರಿಸಿಕೊಳ್ಳದೆ ಕೂರಬೇಕು. ಗ್ಲೆನಿಸ್ ಅದನ್ನು ಪುಸ್ತಕದಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಳು. ಆ ನಿಯಮ ಗೊತ್ತಿರಲಿಲ್ಲ ಎಂದು ಅವಳು ಯಾವತ್ತೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಹರವುವಾಗ ಟ್ಯಾಮ್ಸಿನ್ ತಾನಾಗಿಯೇ ಮಾತು ತೆಗೆದಳು. ಒಂದು ಕೈಯವಳು ಕ್ಲಿಪ್ಪು ಕೊಡುವಳು, ಎರಡು ಕೈಯವಳು ಸಿಕ್ಕಿಸುವಳು.

"ಗ್ಲೆನಿಸ್, ಅವನು ದಿನಾ ಸಂಜೆ ನನ್ನ ಕಾರಿನ ಕಿಲೋಮೀಟರ್ ಓದ್ತಿದ್ದ, ಗೊತ್ತಾ? ಸ್ಕೂಲು, ಅಂಗಡಿ, ಮನೆ. ಎಲ್ಲ ಸೇರಿ ಇಷ್ಟು ಅಂತ ಅವನಿಗೆ ಬಾಯಿಪಾಠ."

"ಅಯ್ಯೋ ದೇವ್ರೇ."

"ಒಂದಿನ ಹನ್ನೊಂದು ಜಾಸ್ತಿ ಬಂತು. ಎಲ್ಲಿ ಹೋಗಿದ್ದೆ ಹೇಳು ಅಂತ ಅಡುಗೆಮನೇಲಿ ನಿಲ್ಲಿಸ್ದ. ಈಡಿ ಊಟ ಮಾಡಿ ಮಲಗಿದ್ರೂ ನಾನು ನಿಂತೇ ಇದ್ದೆ. ಹಣ್ಣಿನಂಗಡಿ ಅಂದೆ. ಅವನು ನಂಬ್ಲಿಲ್ಲ. ಆದ್ರೆ ಗೊತ್ತಾಗ್ಲೂ ಇಲ್ಲ."

"ನಿಜವಾಗ್ಲೂ ಎಲ್ಲಿಗೆ ಹೋಗಿದ್ದೆ?"

ಟ್ಯಾಮ್ಸಿನ್ ಸ್ವಲ್ಪ ಹೊತ್ತು ಕ್ಲಿಪ್ಪನ್ನು ಒತ್ತುತ್ತ ಬಿಡುತ್ತ ನಿಂತಳು. ಆಮೇಲೆ ಹೇಳಿದಳು. ನದಿಯ ಕಡೆ ಕಿತ್ತಳೆ ತೋಟದಲ್ಲಿರುವ ಗೆಳತಿ ಕಿರಾಳ ಮನೆಗೆ. ಅವಳ ಶೆಡ್ಡಿನಲ್ಲಿ ಒಂದು ಬ್ಯಾಗು ಇಟ್ಟು ಬಂದಿದ್ದಳು. ಈಡಿಯ ಜನನ ಪತ್ರ, ಎರಡು ಜೊತೆ ಬಟ್ಟೆ, ಕಾರಿನ ಇನ್ನೊಂದು ಬೀಗದಕೈ. ಕಿರಾಳ ಅಕ್ಕ ಬೇರೆ ರಾಜ್ಯದಲ್ಲಿದ್ದಾಳೆ, ಅವಳ ವಿಳಾಸದ ಚೀಟಿಯೂ ಅದರಲ್ಲೇ ಇದೆ. ಪ್ಲಾಸ್ಟರ್ ಬಿಚ್ಚಿದ ಕೂಡಲೇ, ಶಾಲೆಗೆ ರಜ ಬಂದ ದಿನ ತಾಯಿ ಮಗಳು ಅಲ್ಲಿಗೆ ಹೋಗಿಬಿಡುವುದು.

"ನಿಮಗೆ ಒಬ್ರಿಗೇ ಹೇಳ್ತಿರೋದು. ಈಡಿಗೂ ಗೊತ್ತಿಲ್ಲ."

"ನನ್ನ ಹೊಟ್ಟೇಲೇ ಇರುತ್ತೆ" ಎಂದಳು ಗ್ಲೆನಿಸ್. ಹಾಗೆಂದಾಗ ಅವಳ ಮನಸ್ಸಿನಲ್ಲಿ ಕಪಟವಿರಲಿಲ್ಲ.

ಮುಂದಿನ ವಾರ ತರಗತಿಯ ಕುರ್ಚಿ ಆಟದಲ್ಲಿ ಗ್ಲೆನಿಸ್ ಸೋತಳು. ಎದುರಿಗೆ ಹೊಡೆದವನಾಗಿ ಕೂತ ಡೆಸ್ಮಂಡ್ ಕಾಲು ಗಂಟೆ ಸುತ್ತಿ ಬಳಸಿ ಮಾತಾಡಿದನೇ ಹೊರತು, "ನಾನು ಮಾಡಿದೆ" ಎನ್ನಲಿಲ್ಲ. ಅದು ಅವಳ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಅದೇ ಭಾನುವಾರ ಬ್ರೋಡಿಯ ಫೋನ್ ಬಂತು. ಟ್ಯಾಮ್ಸಿನ್ ಎಂದಿನಂತೆ ಈಡಿಯನ್ನು ಕರೆದುಕೊಂಡು ಹಿತ್ತಲಿಗೆ ಹೋದಳು. ಗ್ಲೆನಿಸ್ ಫೋನ್ ಹಿಡಿದು ಬಟ್ಟೆ ಒಗೆಯುವ ಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಂಡಳು.

"ಏನಮ್ಮ ಅಡುಗೆ?"

"ಕುರಿ ತೊಡೆ."

"ನಾನು ಡಬ್ಬಿ ಸೂಪು ಕುಡೀತಿದೀನಿ. ಒಂದು ಬಾಗಿಲು ಬಿತ್ತು ಅಂತ ನನ್ನ ಜೀವನ ಇಲ್ಲಿಗೆ ಬಂತು ನೋಡು."

"ಬಾಗಿಲು ಹಾಕಿದ್ದು ಯಾರು, ಬ್ರೋಡಿ?"

"ಅಂದ್ರೆ?"

"ತಾನಾಗೇ ಬೀಳೋಕೆ ಅದೇನು ಹಣ್ಣಾ? ಹಾಕಿದ್ದು ಯಾರು?"

ಗ್ಲೆನಿಸ್ ಇಮೆಲ್ಡಾ ಹೇಳಿಕೊಟ್ಟ ಹಾಗೆ ಕಾದಳು.

"ನಾನೇ" ಎಂದ ಬ್ರೋಡಿ. "ನಾನೇ ಹಾಕ್ದೆ. ಆಯ್ತಾ?"

ಹದಿನಾಲ್ಕು ಜನ ಐದು ವಾರ ಹೆಣಗಿದರೂ ಯಾರಿಗೂ ದಕ್ಕದ ಮಾತು ತನ್ನ ಮಗನ ಬಾಯಿಂದ ಬಂದಿತ್ತು. ಅಲ್ಲಿಗೆ ನಿಲ್ಲಿಸಿ ಫೋನ್ ಇಟ್ಟಿದ್ದರೆ! ತಾಯಿಗೆ ಆಸೆ ಹತ್ತಿತು. ಇಷ್ಟು ಬಂದವನು ಇನ್ನಷ್ಟು ಬಂದಾನು, ಎಲ್ಲ ಒಪ್ಪಿಕೊಂಡಾನು, ಹಳೆಯ ಬ್ರೋಡಿ ಆದಾನು.

"ಅದಕ್ಕೆ ಮುಂಚೆ?"

"ಮುಂಚೆ ಏನೂ ಇಲ್ಲಮ್ಮ. ಅದೊಂದೇ ಸಲ. ಈಡಿ ಮೇಲಾಣೆ."

"ಸುಳ್ಳು ಹೇಳ್ಬೇಡ. ದಿನಾ ಕಾರಿನ ಕಿಲೋಮೀಟರ್ ಓದ್ತಿರ್ಲಿಲ್ವಾ?"

"ಆಯಿಲ್ ಬದಲಾಯಿಸೋಕೆ ಯಾರಾದ್ರೂ ನೋಡ್ತಾರೆ."

"ಆಯಿಲ್ಲಂತೆ! ಹನ್ನೊಂದು ಕಿಲೋಮೀಟರಿಗೆ ಅವಳನ್ನ ಅಡುಗೆಮನೇಲಿ ನಿಲ್ಲಿಸಿದ್ದು ಆಯಿಲ್‌ಗಾ? ಪಾಪದ್ದು, ನಿನ್ನ ಹೆದರಿಕೆಗೆ ಕಿರಾ ಮನೇಲಿ ಒಂದು ಬ್ಯಾಗ್ ಇಡೋಕೆ ಹೋಗಿದ್ಲು ಕಣೋ. ಹೆಂಡ್ತೀನ ಆ ಸ್ಥಿತಿಗೆ ತಂದಿದ್ದೆ ನೀನು."

ಬ್ರೋಡಿ ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಬಹಳ ಮೆತ್ತಗೆ ಹೇಳಿದ: "ಹೌದಮ್ಮ. ನೀನು ಹೇಳೋದು ಸರಿ. ಯೋಚ್ನೆ ಮಾಡ್ತೀನಿ. ಥ್ಯಾಂಕ್ಸ್."

ಗ್ಲೆನಿಸ್ ಮೇಜಿಗೆ ಹಿಂದಿರುಗಿ ಮಾಂಸ ಕತ್ತರಿಸಿದಳು. ಅವತ್ತು ನ್ಯಾನ್‌ಗೆ ಪುದೀನ ಗೊಜ್ಜು ಎರಡು ಸಲ ಬಡಿಸಿದಳು, ಈಡಿಗೆ ಗರಿಗರಿ ಆಲೂಗಡ್ಡೆ ಆರಿಸಿ ಕೊಟ್ಟಳು. ಅಷ್ಟು ಸಂತೋಷವಾಗಿದ್ದಳು.

ಮಂಗಳವಾರ ನಾಲ್ಕು ಗಂಟೆಗೆ ಕಿರಾ ಬಂದಳು. ತೋಟದ ಬೂಟು ಬಿಚ್ಚದೆ ನೇರ ಅಡುಗೆಮನೆಗೆ ನುಗ್ಗಿದಳು. ಹಿಂದಿನ ದಿನ ಬ್ರೋಡಿ ಅವಳ ಮನೆಗೆ ಬಂದಿದ್ದ. ಕೂಗಾಡಲಿಲ್ಲ, ಟೋಪಿ ತೆಗೆದು ಕೈಯಲ್ಲಿ ಹಿಡಿದು ಮರ್ಯಾದೆಯಿಂದ ಮಾತಾಡಿದ. ಟ್ಯಾಮ್ಸಿನ್ ಬ್ಯಾಗು ತರಲು ಹೇಳಿದ್ದಾಳೆ ಎಂದ. ಕಿರಾ ಯಾವ ಬ್ಯಾಗೂ ಇಲ್ಲವೆಂದಳು. ಅವನು ನಕ್ಕು, ಅವಳನ್ನು ಭುಜದಿಂದ ಪಕ್ಕಕ್ಕೆ ಸರಿಸಿ, ಶೆಡ್ಡಿಗೆ ಹೋಗಿ, ಎತ್ತಿಕೊಂಡು ಹೋದ.

"ಎರಡು ಸಲ ಪೊಲೀಸಿಗೆ ಹೋಗೋಣ ಅಂತ ಹೊರಟು ವಾಪಸ್ ಬಂದೆ" ಎಂದಳು ಕಿರಾ. "ನನಗೂ ಹೆದರಿಕೆ ಕಣೆ. ಅಕ್ಕನ ವಿಳಾಸಾನೂ ಅವನ ಕೈ ಸೇರ್ತು. ಅವಳ ಮನೇಲೂ ಚಿಕ್ಕ ಮಕ್ಕಳಿವೆ. ಅಲ್ಲಿಗೆ ನೀನು ಹೋಗೋ ಹಾಗಿಲ್ಲ, ಟ್ಯಾಮ್. ಕ್ಷಮಿಸು."

ಟ್ಯಾಮ್ಸಿನ್ ಕಿರಾಳ ಕಡೆ ನೋಡಲೇ ಇಲ್ಲ. ಅತ್ತೆಯನ್ನೇ ನೋಡುತ್ತಿದ್ದಳು.

"ನಿಮಗೆ ಒಬ್ರಿಗೇ ಹೇಳಿದ್ದೆ."

ಗ್ಲೆನಿಸ್ ಸೊಸೆಯ ಹತ್ತಿರ ಬಂದಳು. "ನಾನು ಅವನ ಬಾಯಿಂದ ನಿಜ ಹೊರಡಿಸ್ತಿದ್ದೆ, ಟ್ಯಾಮ್ಸಿನ್. ಅವನು ಒಪ್ಪಿಕೊಂಡ. ಬಾಗಿಲು ಹಾಕಿದ್ದು ನಾನೇ ಅಂತ ಒಪ್ಪಿಕೊಂಡ."

"ಅವನ ಬಾಯಿಂದಲ್ಲ, ಗ್ಲೆನಿಸ್. ನಿಮ್ಮ ಬಾಯಿಂದ ಅವನು ಹೊರಡಿಸ್ದ."

"ನಾನು ಬೇಕೂಂತ..."

"ಹನ್ನೊಂದು ಕಿಲೋಮೀಟರು! ಒದೆ ತಿಂದ್ರೂ ನಾನು ಬಾಯಿ ಬಿಟ್ಟಿರ್ಲಿಲ್ಲ. ನೀವು ಭಾನುವಾರದ ಊಟದ ಮಧ್ಯೆ ಹೇಳ್ಬಿಟ್ರಿ!"

"ಹುಡುಗಿ, ದನಿ ತಗ್ಸು" ಎಂದಳು ನ್ಯಾನ್.

"ನೀವು ಸುಮ್ನಿರಿ! ಈ ಮನೇಲಿ ನಿಮ್ಮ ಕಾಲದಿಂದ ಎಲ್ರೂ ದನಿ ತಗ್ಸೇ ಇಟ್ಟಿದೀರಿ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಗ್ಲೆನಿಸ್ ಆಡಿದ ಮಾತಿಗೆ ಒಂದು ಮನೆಯೇ ಹೋಗಿತ್ತು, ತಾಯಿ ಮಗಳು ಇನ್ನೂ ಕಾಲಿಡದ ಮನೆ.

ಆ ಸಂಜೆಯೇ ಟ್ಯಾಮ್ಸಿನ್, ಕಿರಾ, ಗ್ಲೆನಿಸ್ ಮೂವರೂ ಪೊಲೀಸ್ ಠಾಣೆಗೆ ಹೋದರು. ಗ್ಲೆನಿಸ್ ತಾನು ಮಗನಿಗೆ ಹೇಳಿದ್ದನ್ನು ಒಂದು ಮಾತೂ ಬಿಡದೆ ಬರೆದುಕೊಟ್ಟು ಸಹಿ ಹಾಕಿದಳು. ಬ್ರೋಡಿಯನ್ನು ಬುಧವಾರ ಹಿಡಿದರು; ಗುರುವಾರ ಷರತ್ತಿನ ಮೇಲೆ ಬಿಟ್ಟರು. ಬ್ಯಾಗು ಸಿಕ್ಕಿತು. ಚೀಟಿ ಅದರಲ್ಲಿರಲಿಲ್ಲ.

ಶುಕ್ರವಾರ ತರಗತಿಯಲ್ಲಿ ಗ್ಲೆನಿಸ್ ತಾನೇ ಎದ್ದು ನಿಂತು ನಡೆದದ್ದನ್ನು ಹೇಳಿದಳು. ಡೆಸ್ಮಂಡ್, "ಯಾರಿಗಾದ್ರೂ ಆಗಬಹುದಿತ್ತು" ಎಂದ.

"ಆ ಸಮಾಧಾನ ನಾನು ಹೇಳಲ್ಲ" ಎಂದಳು ಇಮೆಲ್ಡಾ. "ಗ್ಲೆನಿಸ್, ಅವನು ಸುಧಾರಿಸ್ತಿದಾನೆ ಅಂತ ನಿಮಗೆ ಖುಷಿ ಆಯ್ತಲ್ಲ, ಆಗ ನೀವು ಅವನ ಅಮ್ಮ ಆಗಿದ್ರಿ. ಅದು ತಪ್ಪಲ್ಲ. ಆದ್ರೆ ಆ ಹೊತ್ತಲ್ಲಿ ಟ್ಯಾಮ್ಸಿನ್‌ಗೆ ಯಾರೂ ಇರ್ಲಿಲ್ಲ."

"ಈಗ ನಾನೇನು ಮಾಡ್ಲಿ?"

"ಅವಳಿಗೆ ಬೇರೆ ಜಾಗ ನೋಡ್ತಿದಾರೆ. ಎಲ್ಲಿ ಅಂತ ನೀವು ಕೇಳ್ಬೇಡಿ. ಅವಳಾಗೇ ಹೇಳೋಕೆ ಬಂದ್ರೂ ಬೇಡ ಅನ್ನಿ."

"ಎಷ್ಟು ದಿನ?"

ಇಮೆಲ್ಡಾ ಮುಂದಿನ ಜೋಡಿಯನ್ನು ಕುರ್ಚಿಗೆ ಕರೆದಳು. ಗ್ಲೆನಿಸ್ ಆರೋಗ್ಯ ಕೇಂದ್ರದ ಶೌಚಾಲಯಕ್ಕೆ ಹೋಗಿ, ನಲ್ಲಿ ತಿರುಗಿಸಿ, ಮನಸಾರೆ ಅತ್ತಳು.

ಸೋಮವಾರ ಬೆಳಿಗ್ಗೆ ಬಿಳಿ ಕಾರಿನಲ್ಲಿ ಒಬ್ಬ ಹೆಂಗಸು ಬಂದಳು. ತಾನು ಎಲ್ಲಿಂದ ಬಂದೆ ಎಂದೂ ಹೇಳಲಿಲ್ಲ. ಗ್ಲೆನಿಸ್ ಆ ದಿನವೂ ಮೊಮ್ಮಗಳಿಗೆ ಊಟದ ಡಬ್ಬಿ ಕಟ್ಟಿದಳು: ಚೀಸ್ ಬ್ರೆಡ್ಡು, ಹೆಚ್ಚಿದ ಸೇಬು, ಹಿಂದಿನ ದಿನ ಮಾಡಿದ ಪುಟ್ಟ ದೋಸೆಯಂಥ ಪೈಕ್ಲೆಟ್ಟು ನಾಲ್ಕು. ಟ್ಯಾಮ್ಸಿನ್ ಎರಡು ಚೀಲಗಳನ್ನು ತಾನೇ ಒಂದು ಕೈಯಲ್ಲಿ ಒಂದೊಂದಾಗಿ ಹೊತ್ತಳು. ಅತ್ತೆ ಕೈಚಾಚಿದರೂ ಕೊಡಲಿಲ್ಲ.

ಈಡಿ ಓಡಿ ಬಂದು ಅಜ್ಜಿಯ ಸೊಂಟ ತಬ್ಬಿಕೊಂಡಳು.

"ಅಜ್ಜಿ, ನಾವು ಹೋಗೋ ಊರಲ್ಲಿ ಒಂದು ದೊಡ್ಡ..."

ಗ್ಲೆನಿಸ್ ತಟ್ಟನೆ ಮಗುವಿನ ಬಾಯಿಗೆ ಅಂಗೈ ಅಡ್ಡ ಹಿಡಿದಳು.

"ಬೇಡ ಮರಿ. ನನಗೆ ಹೇಳ್ಬೇಡ."

"ಯಾಕೆ? ನೀನು ನೋಡೋಕೆ ಬರಲ್ವಾ?"

"ನಿನ್ನ ಅಜ್ಜಿ ಬಾಯಿಬಡುಕಿ ಕಣಮ್ಮ. ಅವಳ ಹೊಟ್ಟೇಲಿ ಏನೂ ನಿಲ್ಲಲ್ಲ."

ಈಡಿಗೆ ನಗು ಬಂತು. ಕಾರಿನ ಹತ್ತಿರ ನಿಂತಿದ್ದ ಟ್ಯಾಮ್ಸಿನ್ ಇದನ್ನೆಲ್ಲ ನೋಡಿದಳು. ಏನೋ ಹೇಳುವಳೆಂದು ಗ್ಲೆನಿಸ್ ಕಾದಳು. ಟ್ಯಾಮ್ಸಿನ್ ಮಗಳನ್ನು ಕೂರಿಸಿ ಬೆಲ್ಟು ಹಾಕಿ ತಾನೂ ಕೂತಳು. ಕಾರು ಬೀದಿಯ ಕೊನೆ ಮುಟ್ಟುವ ಮುಂಚೆಯೇ ಗ್ಲೆನಿಸ್ ಬೆನ್ನು ತಿರುಗಿಸಿ ನಿಂತಳು. ಅದು ಯಾವ ಕಡೆ ತಿರುಗಿತೆಂದೂ ಗೊತ್ತಾಗಬಾರದೆಂದು.

ಆ ವಾರ ಮನೆಯಲ್ಲಿ ಇಬ್ಬರು ಹೆಂಗಸರು ಟೋಸ್ಟು ತಿಂದುಕೊಂಡು ಇದ್ದರು. ನ್ಯಾನ್ ಯಾರನ್ನೂ ಚುಚ್ಚಲಿಲ್ಲ. ಒಂದು ದಿನ ಮಾತ್ರ, "ನಾನು ಸಾಯೋದ್ರೊಳಗೆ ಆ ಮಗೂನ ನೋಡ್ತೀನಾ?" ಎಂದಳು.

"ಗೊತ್ತಿಲ್ಲಮ್ಮ."

"ನಾನೇನೂ ನಿನ್ನ ಬೈತಿಲ್ಲ. ಸುಮ್ನೆ ಕೇಳ್ದೆ."

ಭಾನುವಾರ ಒಂದು ಗಂಟೆಗೆ ಫೋನ್ ಬಂತು. ಮಾಂಸ ಹುರಿದಿರಲಿಲ್ಲ. ಗ್ಲೆನಿಸ್ ಮೇಜಿನ ಹತ್ತಿರವೇ ಕೂತು ಮಾತಾಡಿದಳು.

"ಈಡಿ ಸ್ಕೂಲಿಗೆ ಬರ್ತಿಲ್ಲ" ಎಂದ ಬ್ರೋಡಿ. "ವಾರ ಆಯ್ತು. ಎಲ್ಲಿದಾರಮ್ಮ?"

ಅವನು ಶಾಲೆಯ ಮುಂದೆ ನಿಂತು ನೋಡಿದ್ದಾನೆಂದು ಅವಳಿಗೆ ಅರ್ಥವಾಯಿತು. ಪಕ್ಕದಲ್ಲಿದ್ದ ಪೆನ್ನು ತೆಗೆದುಕೊಂಡು ಅವನ ಮಾತನ್ನು ಲಕೋಟೆಯ ಹಿಂದೆ ಇದ್ದ ಹಾಗೇ ಬರೆದಳು. ಗಂಟೆಯನ್ನೂ ಬರೆದಳು.

"ನನಗೆ ಗೊತ್ತಿಲ್ಲ."

"ನಾಟಕ ಬೇಡ. ನಿನಗೆ ಎಲ್ಲಾ ಹೇಳ್ತಾಳೆ ಅವಳು."

"ಹೇಳ್ತಿದ್ಲು. ಈಗ ಹೇಳಲ್ಲ. ಹೇಳಿದ್ರೆ ನಾನು ನಿನಗೆ ಹೇಳ್ಬಿಡ್ತೀನಿ ಅಂತ ಅವಳಿಗೆ ಗೊತ್ತಾಯ್ತಲ್ಲ."

"ಅಮ್ಮ." ದನಿ ಬದಲಾಯಿತು. ತಣ್ಣಗೆ, ಒಂದೊಂದೇ ಪದವಾಗಿ ಬಂತು. ಮೂವತ್ತೊಂದು ವರ್ಷದಲ್ಲಿ ಮಗ ಅವಳೊಡನೆ ಆ ದನಿಯಲ್ಲಿ ಮಾತಾಡಿರಲಿಲ್ಲ. ಸೊಸೆ ಎಷ್ಟು ವರ್ಷ ಇದನ್ನು ಕೇಳಿದ್ದಳೋ. "ನಾನು ಮರ್ಯಾದೆಯಿಂದ ಕೇಳ್ತಿದೀನಿ. ಇನ್ನೊಂದು ಸಲ ಕೇಳೋ ಹಾಗೆ ಮಾಡ್ಬೇಡ. ನನ್ನ ಮಗು ಎಲ್ಲಿ?"

ಅವಳು ಅದನ್ನೂ ಬರೆದಳು.

"ಬ್ರೋಡಿ, ನೀನು ಈಗ ಕೇಳಿದ್ದು ಆರ್ಡರ್ ಮುರಿದ ಹಾಗೆ. ನಾನು ಪೊಲೀಸಿಗೆ ಫೋನ್ ಮಾಡ್ತೀನಿ."

ಬ್ರೋಡಿ ನಕ್ಕ. "ನೀನಾ? ನನ್ನ ಮೇಲಾ?"

ಅವಳು ಫೋನ್ ಇಟ್ಟಳು. ಎದುರಿಗೆ ನ್ಯಾನ್ ಕೂತಿದ್ದಳು. ಬೇಡವೆಂದಾಳು ಎಂದು ಗ್ಲೆನಿಸ್ ಅವಳ ಮುಖ ನೋಡಿದಳು. ನ್ಯಾನ್ ಮೇಜಿನ ಮೇಲಿದ್ದ ಕನ್ನಡಕವನ್ನು ಮಗಳ ಕಡೆ ತಳ್ಳಿ, "ನಂಬರ್ ಸರಿಯಾಗಿ ಒತ್ತು" ಎಂದಳು.

ಠಾಣೆಯಲ್ಲಿ ಎತ್ತಿಕೊಂಡವನು ಎಳೆಯ ದನಿಯವನು. ಗ್ಲೆನಿಸ್ ಲಕೋಟೆ ನೋಡಿಕೊಂಡು ಎಲ್ಲ ಓದಿ ಹೇಳಿದಳು. ಅವನು ನಿಧಾನವಾಗಿ ಟೈಪು ಮಾಡಿಕೊಂಡ.

"ಅವನಿಗೆ ನೀವು ಏನಾಗ್ಬೇಕು?"

"ತಾಯಿ."

ಆ ಕಡೆ ಒಂದು ಕ್ಷಣ ಟೈಪು ನಿಂತಿತು.

"ಹೆಂಡತಿ ಮಗು ಈಗ ಇರೋದು ಎಲ್ಲಿ? ನಿಮಗೆ ಗೊತ್ತಾ ಮೇಡಂ?"

"ಇಲ್ಲ" ಎಂದಳು ಗ್ಲೆನಿಸ್. "ನನಗೆ ಗೊತ್ತಿಲ್ಲ."

"ಒಳ್ಳೇದಾಯ್ತು ಬಿಡಿ" ಎಂದ ಅವನು, ಮತ್ತೆ ಟೈಪು ಮಾಡತೊಡಗಿದ.